ಡ್ರಮ್ಮಿನೊಳಗ ಏನೈತ್ರಿ?

ಸಂಕೇಶ್ವರ ಬಿಟ್ಟು ನಿಪ್ಪಾಣಿ ಕಡೆ ಹೊರಟರೆ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಟ್ಯಾಂಕರ್‌ಗಳಿಗೆ ಬರವಿಲ್ಲ. ಹುಕ್ಕೇರಿ ತಾಲ್ಲೂಕಿನ ನಮ್ಮೂರು ಕಣಗಲಾ ಇರುವುದೂ ಇದೇ ಹೆದ್ದಾರಿಯ ಮಗ್ಗುಲಲ್ಲಿ. ಮುಂದಿನ ಸಲ ನಿಮ್ಮ ಬೈಕು ಟ್ಯಾಂಕರ್ ಹಿಂದೆ ಸಿಕ್ಕಿಕೊಂಡರೆ ಹಾರ್ನ್ ಬಾರಿಸುವ ಬದಲು ಅದರ ಬೆನ್ನಿಗಿರುವ ಫಲಕ ಓದಿ ನೋಡಿ. ಅಲ್ಲೊಂದು ನಾಲ್ಕಂಕಿಯ ಸಂಖ್ಯೆ ಇರುತ್ತದೆ. 1203 ಎಂದಿದ್ದರೆ ಪೆಟ್ರೋಲ್. 1170 ಎಂದಿದ್ದರೆ ಎಥನಾಲ್. ನಮ್ಮ ಭಾಗದ ಸಕ್ಕರೆ ಕಾರ್ಖಾನೆಯಿಂದಲೇ ಹೊರಟಿದ್ದೂ ಇರಬಹುದು. 1005 ಅಮೋನಿಯಾ, 1830 ಸಲ್ಫ್ಯೂರಿಕ್ ಆಮ್ಲ.

ಇವು ವಿಶ್ವಸಂಸ್ಥೆಯ ತಜ್ಞರ ಸಮಿತಿ ಕೊಟ್ಟಿರುವ ಸಂಖ್ಯೆಗಳು. ಟ್ಯಾಂಕರ್ ಪಲ್ಟಿಯಾದರೆ ನೀರು ಹೊಡೆಯಬೇಕೋ, ನೊರೆ ಬಳಸಬೇಕೋ, ಊರು ಖಾಲಿ ಮಾಡಿಸಬೇಕೋ ಎಂಬುದನ್ನು ಅಗ್ನಿಶಾಮಕ ದಳದವರು ಈ ಫಲಕ ನೋಡಿ ತೀರ್ಮಾನಿಸಬಹುದು. ಅಪಾಯಕಾರಿ ಸರಕು ಸಾಗಿಸುವ ವಾಹನಕ್ಕೆ ಇಂಥ ಫಲಕ ಇರಲೇಬೇಕು ಎನ್ನುವುದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಕಟ್ಟಳೆ.

ರಸ್ತೆಯ ಮೇಲೆ ವ್ಯವಸ್ಥೆ ಇದೆ, ಸರಿ. ಆ ಸರಕು ಟ್ಯಾಂಕರ್‌ನಿಂದ ಡ್ರಮ್ಮಿಗೆ, ಡ್ರಮ್ಮಿನಿಂದ ಕ್ಯಾನಿಗೆ, ಕ್ಯಾನಿನಿಂದ ಅಂಗಡಿಯ ಬಾಟಲಿಗೆ ಇಳಿದ ಮೇಲೆ ಅದರ ಹೆಸರು ಎಲ್ಲಿಯವರೆಗೆ ಜೊತೆಗೆ ಹೋಗುತ್ತದೆ? ನಮ್ಮ ದೇಶದಲ್ಲಿ ಒಟ್ಟು ಎಷ್ಟು ಬಗೆಯ ರಾಸಾಯನಿಕಗಳು ತಯಾರಾಗುತ್ತಿವೆ, ಎಷ್ಟು ಆಮದಾಗುತ್ತಿವೆ, ಯಾವುದು ಯಾವ ಕೆಲಸಕ್ಕೆ ಹೋಗುತ್ತಿದೆ ಎಂದು ಒಂದೇ ಕಡೆ ನೋಡಲು ಒಂದು ಪಟ್ಟಿ ಇದೆಯೇ?

ಇಲ್ಲ. ಬಿಇ ಕೆಮಿಕಲ್ ಎಂಜಿನಿಯರಿಂಗ್ ಓದುತ್ತಿರುವ ನನಗೆ ಕಳೆದ ವರ್ಷ ಬಹಳ ಆಶ್ಚರ್ಯ ಹುಟ್ಟಿಸಿದ ಸಂಗತಿ ಇದು. ರಾಸಾಯನಿಕ ಉತ್ಪಾದನೆಯಲ್ಲಿ ಭಾರತ ಜಗತ್ತಿನಲ್ಲೇ ಆರನೇ ಸ್ಥಾನದಲ್ಲಿದೆ, ನಮ್ಮ ಉದ್ಯಮ 80 ಸಾವಿರಕ್ಕೂ ಹೆಚ್ಚು ಬಗೆಯ ಉತ್ಪನ್ನಗಳನ್ನು ಮಾರುತ್ತದೆ ಎಂದು ಕೇಂದ್ರ ಸರ್ಕಾರವೇ ಹೇಳಿಕೊಳ್ಳುತ್ತದೆ. ಆದರೆ ಅಮೆರಿಕ, ಯೂರೋಪ್, ಜಪಾನ್, ಚೀನಾ, ದಕ್ಷಿಣ ಕೊರಿಯಾ, ಅಷ್ಟೇಕೆ ಫಿಲಿಪ್ಪೀನ್ಸ್ ಕೂಡ ಇಟ್ಟುಕೊಂಡಿರುವ ‘ರಾಷ್ಟ್ರೀಯ ರಾಸಾಯನಿಕ ಪಟ್ಟಿ’ ನಮ್ಮಲ್ಲಿಲ್ಲ.

ಪಟ್ಟಿ ಇಲ್ಲದಿದ್ದರೆ ಏನಾಯಿತು, ಕೆಲಸ ನಡೆಯುತ್ತಿದೆಯಲ್ಲ ಎನ್ನಬಹುದು. ನಮ್ಮ ಮನೆಯಲ್ಲಿ ನಡೆದದ್ದನ್ನೇ ಹೇಳುತ್ತೇನೆ.

‘ಕಪ್ಪು ತೆಗೆಯೋ ಪೇಸ್ಟ್’

ನಮ್ಮ ಕಾಕಾ ಸ್ಟೀಲ್ ಗೇಟು, ರೇಲಿಂಗ್ ಮಾಡುವ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದರು. ಸ್ಟೇನ್‌ಲೆಸ್ ಸ್ಟೀಲಿಗೆ ವೆಲ್ಡಿಂಗ್ ಮಾಡಿದ ಜಾಗ ಕಪ್ಪಾಗುತ್ತದೆ. ಅದಕ್ಕೊಂದು ಪೇಸ್ಟ್ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೊಳೆದರೆ ಫಳಫಳ ಹೊಳೆಯುತ್ತದೆ. ಒಂದು ಮಧ್ಯಾಹ್ನ ಕೈಗವಸು ಹರಿದಿದ್ದರಿಂದ ಪೇಸ್ಟು ಎರಡು ಬೆರಳಿಗೆ ತಾಗಿತು. ಉರಿ ಅಷ್ಟೇನೂ ಇರಲಿಲ್ಲ. ನೀರಲ್ಲಿ ತೊಳೆದು ಕೆಲಸ ಮುಂದುವರಿಸಿದರು. ರಾತ್ರಿ ಹತ್ತರ ಹೊತ್ತಿಗೆ ಬೆರಳ ಮೂಳೆಯೇ ಸುಡುತ್ತಿದೆಯೇನೋ ಎಂಬಂಥ ನೋವು ಶುರುವಾಯಿತು. ದವಾಖಾನೆಗೆ ಓಡಿದೆವು.

ಡಾಕ್ಟರು ಕೇಳಿದ ಮೊದಲ ಪ್ರಶ್ನೆ: “ಯಾವ ಕೆಮಿಕಲ್ ಐತ್ರಿ ಅದು?”

“ಕಪ್ಪು ತೆಗೆಯೋ ಪೇಸ್ಟ್ ರೀ ಸಾಹೇಬ್ರ. ಬಿಳಿ ಡಬ್ಬ್ಯಾಗ ಬರ್ತೈತ್ರಿ.”

ಡಬ್ಬಿಯ ಫೋಟೊ ತರಿಸಿದೆವು. ಅದರ ಮೇಲೆ ಹೊಳೆಯುವ ಸ್ಟೀಲಿನ ಚಿತ್ರ, ಒಂದು ಬ್ರ್ಯಾಂಡ್ ಹೆಸರು, ‘ಮಕ್ಕಳಿಂದ ದೂರವಿಡಿ’ ಎಂಬ ಸಾಲು. ಒಳಗೇನಿದೆ ಎಂಬುದು ಎಲ್ಲೂ ಇರಲಿಲ್ಲ. ಮಾರಿದ ಅಂಗಡಿಯವರು ಸಿಕ್ಕಿದ್ದು ಮರುದಿನ ಬೆಳಿಗ್ಗೆ. ಅವರು ಇನ್ಯಾರಿಗೋ ಫೋನ್ ಮಾಡಿ ಕೇಳಿ ಹೇಳಿದರು: ಹೈಡ್ರೋಫ್ಲೋರಿಕ್ ಆಮ್ಲ.

ಈ ಆಮ್ಲದ ಗುಣವೇ ಬೇರೆ. ಚರ್ಮದ ಮೇಲೆ ದೊಡ್ಡ ಗಾಯ ಕಾಣಿಸದೆಯೇ ಒಳಕ್ಕಿಳಿಯುತ್ತದೆ. ದೇಹದಲ್ಲಿರುವ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ನೋವು ಶುರುವಾಗಲು ಗಂಟೆಗಟ್ಟಲೆ ಹಿಡಿಯಬಹುದು. ಸುಟ್ಟ ಗಾಯದ ಸಾಮಾನ್ಯ ಮುಲಾಮಿನಿಂದ ಪ್ರಯೋಜನವಿಲ್ಲ; ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಹಚ್ಚಬೇಕು, ಕೆಲವೊಮ್ಮೆ ಇಂಜೆಕ್ಷನ್ನೇ ಕೊಡಬೇಕು. ಹೆಸರು ಗೊತ್ತಾದ ಮೇಲೆ ಡಾಕ್ಟರಿಗೆ ಚಿಕಿತ್ಸೆ ಕಷ್ಟವಾಗಲಿಲ್ಲ. ಕಾಕಾನ ಬೆರಳು ಉಳಿದವು. ಹೋದದ್ದು ಒಂದು ರಾತ್ರಿ ಮತ್ತು ಒಂದು ಉಗುರು. ಆ ಪೇಸ್ಟ್ ಅಂಗೈ ತುಂಬ ಬಿದ್ದಿದ್ದರೆ ಆ ಒಂದು ರಾತ್ರಿಯೇ ಬಹಳ ತುಟ್ಟಿಯಾಗುತ್ತಿತ್ತು.

ರಾಸಾಯನಿಕಕ್ಕೂ ಒಂದು ಆಧಾರ್

ರಾಸಾಯನಿಕಗಳಿಗೆ ಹೆಸರಿನ ಬರವಿಲ್ಲ, ಇರುವುದು ಹೆಸರುಗಳ ಗೊಂದಲ. ಗೋಕಾಕ, ಮೂಡಲಗಿ ಕಡೆಯ ಬೆಲ್ಲದ ಗಾಣಗಳಲ್ಲಿ ‘ಹೈಡ್ರೋಸ್’ ಎಂದರೆ ಎಲ್ಲರಿಗೂ ಗೊತ್ತು. ರಸಾಯನಶಾಸ್ತ್ರದ ಪುಸ್ತಕದಲ್ಲಿ ಅದು ಸೋಡಿಯಂ ಡೈಥಯೊನೈಟ್. ವ್ಯಾಪಾರಿಯ ಬಿಲ್ಲಿನಲ್ಲಿ ಸೋಡಿಯಂ ಹೈಡ್ರೋಸಲ್ಫೈಟ್. ಮೂರೂ ಒಂದೇ ವಸ್ತು. ಹೆಸರು ಬೇರೆಯಾದ ಕೂಡಲೇ ಲೆಕ್ಕವೂ ಬೇರೆಯಾಗುತ್ತದೆ.

ಈ ಗೊಂದಲ ತಪ್ಪಿಸಲು 1965ರಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿಯ ‘ಕೆಮಿಕಲ್ ಆಬ್‌ಸ್ಟ್ರಾಕ್ಟ್ಸ್ ಸರ್ವಿಸ್’ ಪ್ರತಿಯೊಂದು ವಸ್ತುವಿಗೂ ಒಂದೊಂದು ಸಂಖ್ಯೆ ಕೊಡಲು ಶುರುಮಾಡಿತು. ಸಿಎಎಸ್ ಸಂಖ್ಯೆ ಎನ್ನುತ್ತಾರೆ. ರಾಸಾಯನಿಕಗಳ ಆಧಾರ್ ಎಂದುಕೊಳ್ಳಿ. ಇದುವರೆಗೆ 20 ಕೋಟಿಗೂ ಹೆಚ್ಚು ವಸ್ತುಗಳಿಗೆ ಇಂಥ ಸಂಖ್ಯೆ ಸಿಕ್ಕಿದೆ. ನೀರಿನದು 7732-18-5. ಹೈಡ್ರೋಸಿನದು 7775-14-6. ಕಾಕಾನ ಬೆರಳು ಸುಟ್ಟ ಆಮ್ಲದ್ದು 7664-39-3.

ಇದರೊಳಗೊಂದು ಚಂದದ ಲೆಕ್ಕವಿದೆ, ಮಾಡಿ ನೋಡಿ. ಕೊನೆಯ ಅಂಕಿಯನ್ನು ಬಿಟ್ಟು ಉಳಿದವನ್ನು ಬಲದಿಂದ ಎಡಕ್ಕೆ 1, 2, 3 ಎಂದು ಗುಣಿಸುತ್ತ ಹೋಗಿ, ಎಲ್ಲವನ್ನೂ ಕೂಡಿಸಿ. ನೀರಿಗೆ 8, 2, 6, 12, 35, 42; ಒಟ್ಟು 105. ಮೊತ್ತದ ಬಿಡಿ ಸ್ಥಾನದ ಅಂಕಿ 5. ಸಂಖ್ಯೆಯ ಕೊನೆಯ ಅಂಕಿಯೂ 5. ಬರೆಯುವಾಗ ಒಂದಂಕಿ ತಪ್ಪಿದರೆ ಬಹಳ ಸಲ ಲೆಕ್ಕ ಹೊಂದುವುದಿಲ್ಲ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಡಬ್ಬಿಯ ಮೇಲೆ ಈ ಒಂದು ಸಾಲಿದ್ದಿದ್ದರೆ ಆ ರಾತ್ರಿ ಡಾಕ್ಟರು ಮೊಬೈಲಿನಲ್ಲಿ ಹುಡುಕಿದ್ದರೂ ಸಾಕಿತ್ತು.

ಆದರೆ ಸಿಎಎಸ್ ಸಂಖ್ಯೆ ಗುರುತಿನ ಚೀಟಿ ಮಾತ್ರ. ಆ ವಸ್ತು ಭಾರತದಲ್ಲಿದೆಯೇ, ಎಷ್ಟಿದೆ, ಯಾರ ಕೈಯಲ್ಲಿದೆ ಎಂದು ಅದು ಹೇಳುವುದಿಲ್ಲ. ಅದಕ್ಕೇ ಪ್ರತಿ ದೇಶವೂ ತನ್ನದೇ ಪಟ್ಟಿ ಮಾಡಿಕೊಳ್ಳಬೇಕಾಗುತ್ತದೆ. ಊರಿನಲ್ಲಿ ಯಾರ್ಯಾರಿದ್ದಾರೆಂದು ತಿಳಿಯಲು ಆಧಾರ್ ಇದ್ದರೂ ಜನಗಣತಿ ಬೇಕಲ್ಲ, ಹಾಗೆ.

‘ಹೊಸದು’ ಅಂದರೆ ಯಾವುದು?

ಇಂಥ ಪಟ್ಟಿಗಳ ಹಿಂದೆ ಸಾಮಾನ್ಯವಾಗಿ ಒಂದು ದುರಂತ ಇರುತ್ತದೆ. 1968ರಲ್ಲಿ ಪಶ್ಚಿಮ ಜಪಾನಿನಲ್ಲಿ ಕನೆಮಿ ಕಂಪನಿಯ ಅಕ್ಕಿ ತೌಡಿನ ಎಣ್ಣೆ ಬಳಸಿದ ಜನರಿಗೆ ಮೈತುಂಬ ಗುಳ್ಳೆ, ವಿಪರೀತ ನಿಶ್ಶಕ್ತಿ ಕಾಣಿಸಿಕೊಂಡಿತು. ಎಣ್ಣೆ ಬಿಸಿಮಾಡುವ ಕೊಳವೆಗಳಲ್ಲಿದ್ದ ಪಿಸಿಬಿ ಎಂಬ ರಾಸಾಯನಿಕ ಸೋರಿ ಎಣ್ಣೆಯಲ್ಲಿ ಬೆರೆತಿತ್ತು. ಇದರ ಪಾಠವಾಗಿ ಜಪಾನ್ 1973ರಲ್ಲಿ ಒಂದು ಕಾನೂನು ತಂದಿತು. ಹೊಸ ರಾಸಾಯನಿಕ ತಯಾರಿಸುವ ಅಥವಾ ಆಮದು ಮಾಡುವ ಮೊದಲೇ ಸರ್ಕಾರಕ್ಕೆ ತಿಳಿಸಿ ಪರಿಶೀಲನೆಗೆ ಒಳಪಡಬೇಕು ಎಂಬುದು ಅದರ ಸಾರ.

ಆಗ ಎದುರಾದ ಪ್ರಶ್ನೆ ಸರಳ: ಹೊಸದು ಎಂದರೆ ಯಾವುದು? ಹಳೆಯದು ಯಾವುದೆಂದು ಬರೆದಿಡದೆ ಹೊಸದನ್ನು ಗುರುತಿಸುವುದು ಹೇಗೆ? ಹೀಗಾಗಿ ಮೊದಲು ಹಳೆಯದರ ಪಟ್ಟಿ, ಆಮೇಲೆ ಹೊಸದರ ನೋಂದಣಿ. ಎಲ್ಲ ದೇಶಗಳೂ ಹಿಡಿದ ದಾರಿ ಇದೇ.

ಅಮೆರಿಕ 1976ರಲ್ಲಿ ವಿಷಕಾರಿ ವಸ್ತುಗಳ ನಿಯಂತ್ರಣ ಕಾಯ್ದೆ ಮಾಡಿ, 1979ರಲ್ಲಿ ಸುಮಾರು 62 ಸಾವಿರ ವಸ್ತುಗಳ ಪಟ್ಟಿ ಪ್ರಕಟಿಸಿತು. ಪಟ್ಟಿಯಲ್ಲಿಲ್ಲದ್ದನ್ನು ತಯಾರಿಸಲು ಹೊರಟವರು 90 ದಿನ ಮೊದಲೇ ಅರ್ಜಿ ಹಾಕಬೇಕು. ಯೂರೋಪ್ 1971ರ ಜನವರಿ 1ರಿಂದ 1981ರ ಸೆಪ್ಟೆಂಬರ್ 18ರವರೆಗೆ ಮಾರುಕಟ್ಟೆಯಲ್ಲಿದ್ದ 1 ಲಕ್ಷಕ್ಕೂ ಹೆಚ್ಚು ವಸ್ತುಗಳನ್ನು ‘ಹಳೆಯವು’ ಎಂದು ಬರೆದುಕೊಂಡಿತು. ಆಮೇಲೆ ಬಂದದ್ದೆಲ್ಲ ಹೊಸದು.

ಇಲ್ಲೊಂದು ಎಡವಟ್ಟೂ ಆಯಿತು. ಹೊಸದಕ್ಕೆ ಪರೀಕ್ಷೆ ಕಡ್ಡಾಯ. ಹಳೆಯವು ಮಾತ್ರ ಪರೀಕ್ಷೆಯಿಲ್ಲದೆ ಪಾಸು! ಸುರಕ್ಷಿತವಾದ ಹೊಸ ವಸ್ತು ಕಂಡುಹಿಡಿದವನಿಗೆ ಖರ್ಚು, ಅಪಾಯಕಾರಿ ಹಳೆಯದನ್ನೇ ಮಾರುವವನಿಗೆ ಆರಾಮ. ಇದನ್ನು ಸರಿಪಡಿಸಲು ಯೂರೋಪ್ 2007ರ ಜೂನ್ 1ರಿಂದ ‘ರೀಚ್’ ಎಂಬ ಹೊಸ ನಿಯಮ ಜಾರಿಗೆ ತಂದಿತು. ವರ್ಷಕ್ಕೆ 1 ಟನ್ ಅಥವಾ ಅದಕ್ಕಿಂತ ಹೆಚ್ಚು ತಯಾರಿಸುವ, ಆಮದು ಮಾಡುವ ಯಾವುದೇ ವಸ್ತುವಿರಲಿ, ಹಳೆಯದೋ ಹೊಸದೋ, ಅದರ ಗುಣ, ಅಪಾಯ, ಬಳಕೆ ಎಲ್ಲವನ್ನೂ ಫಿನ್‌ಲ್ಯಾಂಡಿನ ಹೆಲ್ಸಿಂಕಿಯಲ್ಲಿರುವ ಯೂರೋಪಿಯನ್ ಕೆಮಿಕಲ್ಸ್ ಏಜೆನ್ಸಿಗೆ ಸಲ್ಲಿಸಬೇಕು. ಮಾಹಿತಿ ಇಲ್ಲದಿದ್ದರೆ ಮಾರುಕಟ್ಟೆಯೂ ಇಲ್ಲ. ಅಪಾಯವಿಲ್ಲ ಎಂದು ತೋರಿಸುವ ಹೊಣೆ ಸರ್ಕಾರದ ಹೆಗಲಿನಿಂದ ಕಂಪನಿಯ ಹೆಗಲಿಗೆ ಬಂತು. ಇಂದು ಅಲ್ಲಿ 20 ಸಾವಿರಕ್ಕೂ ಹೆಚ್ಚು ವಸ್ತುಗಳು ನೋಂದಣಿಯಾಗಿವೆ, ಬಹುಪಾಲು ಮಾಹಿತಿಯನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ನೋಡಬಹುದು.

ಭಾರತದ ಕಂಪನಿಗಳೂ ಇದಕ್ಕೆ ಹೊರತಲ್ಲ. ಇಲ್ಲಿಂದ ಯೂರೋಪಿಗೆ ಬಣ್ಣವೋ ರಾಳವೋ ಕಳಿಸಬೇಕಾದರೆ ಅಲ್ಲಿನ ಆಮದುದಾರ ಇಲ್ಲವೇ ನಮ್ಮ ಕಂಪನಿ ಅಲ್ಲಿ ನೇಮಿಸಿಕೊಂಡ ಪ್ರತಿನಿಧಿ ಅದನ್ನು ನೋಂದಾಯಿಸಬೇಕು. ಅಂದರೆ ನಮ್ಮ ನೆಲದಲ್ಲಿ, ನಮ್ಮ ಕೆಲಸಗಾರರ ಕೈಯಲ್ಲಿ ತಯಾರಾಗುವ ವಸ್ತುವಿನ ಪೂರ್ಣ ಜಾತಕ ಹೆಲ್ಸಿಂಕಿಯಲ್ಲಿದೆ. ಅದೇ ಜಾತಕ ದೆಹಲಿಯಲ್ಲಿ ಇರಬೇಕೆಂದು ನಮ್ಮ ಕಾನೂನು ಇನ್ನೂ ಕೇಳಿಲ್ಲ.

ಭೋಪಾಲದಿಂದ ಇಲ್ಲಿಯವರೆಗೆ

ನಮ್ಮಲ್ಲಿ ಏನೂ ಇಲ್ಲವೆಂದಲ್ಲ. 1984ರ ಡಿಸೆಂಬರ್ 2–3ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಸುಮಾರು 40 ಟನ್ ಮೀಥೈಲ್ ಐಸೊಸಯನೇಟ್ ಹೊರಬಂತು. ಸಾವಿರಾರು ಜನ ಸತ್ತರು. ಕಣ್ಣು ಕಾಣದೆ, ಉಸಿರು ಸಿಗದೆ ಹಮೀದಿಯಾ ಆಸ್ಪತ್ರೆಗೆ ಬಂದವರನ್ನು ನೋಡಿದ ವೈದ್ಯರಿಗೆ ಆ ಗಾಳಿಯಲ್ಲಿ ಏನಿದೆ, ಅದಕ್ಕೆ ಮದ್ದೇನು ಎಂಬುದೇ ತಿಳಿದಿರಲಿಲ್ಲ. ನಮ್ಮ ಡಾಕ್ಟರು ಕೇಳಿದ ಪ್ರಶ್ನೆಯನ್ನೇ ಆ ರಾತ್ರಿ ಒಂದು ಇಡೀ ನಗರ ಕೇಳುತ್ತಿತ್ತು.

ಅದರ ನಂತರ ಕಾನೂನುಗಳು ಒಂದೊಂದಾಗಿ ಬಂದವು. 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ. 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿಯಾಗಿ, ಅಪಾಯಕಾರಿ ಪ್ರಕ್ರಿಯೆಗಳ ಬಗ್ಗೆ ಕಾರ್ಮಿಕರಿಗೂ ಸುತ್ತಲಿನ ಜನರಿಗೂ ತಿಳಿಸಬೇಕೆಂಬ ಅಂಶ ಸೇರಿತು. 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ದಾಸ್ತಾನು ಮತ್ತು ಆಮದು ನಿಯಮಗಳು ಬಂದವು. ಇದರಲ್ಲಿ ಒಂದು ಪಟ್ಟಿಯಿದೆ. 2000ದ ತಿದ್ದುಪಡಿಯ ನಂತರ ಅದರಲ್ಲಿರುವುದು 684 ರಾಸಾಯನಿಕಗಳು. 1996ರಲ್ಲಿ ರಾಸಾಯನಿಕ ಅಪಘಾತಗಳನ್ನು ಎದುರಿಸುವ ನಿಯಮಗಳು ಬಂದವು.

ಈ 684ರ ಪಟ್ಟಿ ಭೋಪಾಲದಂಥ ದೊಡ್ಡ ಅನಾಹುತ ತಡೆಯಲು ಮಾಡಿದ್ದು. ಅಪಾಯಕಾರಿ ಎಂದು ಈಗಾಗಲೇ ಗೊತ್ತಿರುವುದನ್ನು ಮಾತ್ರ ಅದು ಬಲ್ಲದು. ನಿನ್ನೆ ಯಾವುದೋ ಪ್ರಯೋಗಾಲಯದಲ್ಲಿ ಹುಟ್ಟಿ, ಇಂದು ಬಂದರಿಗೆ ಬಂದಿಳಿಯುವ ವಸ್ತುವನ್ನು ತಡೆದು “ನೀನು ಯಾರಪ್ಪ?” ಎಂದು ಕೇಳುವ ಅಧಿಕಾರ ಅದಕ್ಕಿಲ್ಲ. ಹೈಡ್ರೋಫ್ಲೋರಿಕ್ ಆಮ್ಲದ ಮೂಲವಾದ ಹೈಡ್ರೋಜನ್ ಫ್ಲೋರೈಡ್ ಆ ಪಟ್ಟಿಯಲ್ಲಿದೆ. ಆದರೂ ಅದು ಪೇಸ್ಟಾಗಿ, ಬ್ರ್ಯಾಂಡಾಗಿ, ಬಿಳಿ ಡಬ್ಬಿಯಾಗಿ ಕಾಕಾನ ಕೈ ಸೇರುವ ಹೊತ್ತಿಗೆ ಹೆಸರು ಕಳಚಿಹೋಗಿತ್ತು.

ಸರ್ಕಾರದ ಕಡತಗಳಲ್ಲಿ ಮಾಹಿತಿ ಚೂರುಚೂರಾಗಿ ಇದೆ. ಕಾರ್ಖಾನೆಗಳು ತಮ್ಮ ಕಚ್ಚಾವಸ್ತುಗಳ ವಿವರವನ್ನು ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡುತ್ತವೆ. ಆಮದಿನ ಲೆಕ್ಕ ಕಸ್ಟಮ್ಸ್ ಬಳಿ ಇದೆ. ಸ್ಫೋಟಕಗಳದ್ದು ಇನ್ನೊಂದು ಇಲಾಖೆ, ಕೀಟನಾಶಕಗಳದ್ದು ಮತ್ತೊಂದು. ಎಲ್ಲವನ್ನೂ ವಸ್ತುವಾರು ಜೋಡಿಸಿದ ಒಂದು ದಾಖಲೆ ಇಲ್ಲ.

ಅದನ್ನು ಮಾಡಲು ಹೊರಟದ್ದೇ ‘ರಾಸಾಯನಿಕಗಳ (ನಿರ್ವಹಣೆ ಮತ್ತು ಸುರಕ್ಷತೆ) ನಿಯಮಗಳು’ ಎಂಬ ಕರಡು. ಉದ್ಯಮದವರು ಇದನ್ನು ‘ಇಂಡಿಯಾ ರೀಚ್’ ಎಂದೇ ಕರೆಯುತ್ತಾರೆ. 2020ರ ಆಗಸ್ಟ್‌ನಲ್ಲಿ ಇದರ ಐದನೇ ಕರಡು ಹೊರಬಂತು. ವರ್ಷಕ್ಕೆ 1 ಟನ್‌ಗಿಂತ ಹೆಚ್ಚು ತಯಾರಾಗುವ ಅಥವಾ ಆಮದಾಗುವ ಎಲ್ಲ ವಸ್ತುಗಳ ಹೆಸರು, ಪ್ರಮಾಣ, ಬಳಕೆ ತಿಳಿಸಬೇಕು. ಹೊಸ ವಸ್ತುವಾದರೆ ಮಾರುಕಟ್ಟೆಗೆ ಬಿಡುವ ಮುನ್ನವೇ ತಿಳಿಸಬೇಕು. ಹೆಚ್ಚು ಕಾಳಜಿ ಬೇಕಾದ 750 ವಸ್ತುಗಳಿಗೆ ಪರೀಕ್ಷಾ ಮಾಹಿತಿಯೊಂದಿಗೆ ಪೂರ್ಣ ನೋಂದಣಿ. ಜಗತ್ತಿನಾದ್ಯಂತ ಒಂದೇ ಥರ ಇರುವ ಅಪಾಯ ಚಿಹ್ನೆಗಳ ಲೇಬಲ್ಲು. ಇಷ್ಟೆಲ್ಲ ಅದರಲ್ಲಿದೆ. ಅದು ಬಂದಾಗ ನಾನು ಹೈಸ್ಕೂಲಿನಲ್ಲಿದ್ದೆ. ಕರಡು ಇನ್ನೂ ಕರಡಾಗಿಯೇ ಇದೆ.

ಲ್ಯಾಟೆಕ್ಸ್ ಹೇಳುವ ಪಾಠ

ನಮ್ಮೂರಿಗೆ ಹೊರಗಿನವರು ಬಂದರೆ ತೋರಿಸುವ ದೊಡ್ಡ ಕಟ್ಟಡ ಒಂದಿದೆ. ಊರವರ ಬಾಯಲ್ಲಿ ಅದು ‘ಲ್ಯಾಟೆಕ್ಸ್’. ಕೇಂದ್ರ ಆರೋಗ್ಯ ಸಚಿವಾಲಯದ ಅಡಿಯ ಎಚ್‌ಎಲ್‌ಎಲ್ ಲೈಫ್‌ಕೇರ್, ಅಂದರೆ ಹಿಂದಿನ ಹಿಂದುಸ್ತಾನ್ ಲ್ಯಾಟೆಕ್ಸ್, 1985ರಲ್ಲಿ ಇಲ್ಲಿ ಘಟಕ ತೆರೆಯಿತು. ಕಾಂಡೋಮ್, ಗರ್ಭನಿರೋಧಕ ಮಾತ್ರೆ ಇಲ್ಲಿ ತಯಾರಾಗುತ್ತವೆ. ದೇಶದ ಕುಟುಂಬ ಯೋಜನೆಯಲ್ಲಿ ಕಣಗಲಾದ ಹೆಸರಿರುವುದು ನಮಗೆ ಹೆಮ್ಮೆ. ಹುಡುಗರಿಗೆ ಚೇಷ್ಟೆಯ ಮಾತಿಗೊಂದು ನೆಪವೂ ಹೌದು.

ಈ ಕಾರ್ಖಾನೆಯಿಂದ ಹೊರಬರುವ ಎರಡು ವಸ್ತುಗಳಿಗೂ ನಮ್ಮ ದೇಶದಲ್ಲಿ ಗಟ್ಟಿ ಕಾನೂನಿದೆ. ಕಾಂಡೋಮ್ ಹೇಗಿರಬೇಕು, ಪ್ರತಿ ಬ್ಯಾಚನ್ನು ಹೇಗೆ ಪರೀಕ್ಷಿಸಬೇಕು ಎಂಬುದಕ್ಕೆ ನಿಯಮಗಳಿವೆ. ಮಾತ್ರೆಯ ವಿಷಯವಂತೂ ಕೇಳುವುದೇ ಬೇಡ. ಇದೇ ಸಂಸ್ಥೆ ಮಾರುವ ‘ಸಹೇಲಿ’ ಮಾತ್ರೆಯನ್ನೇ ನೋಡಿ. ಅದರೊಳಗಿನ ಸೆಂಟ್‌ಕ್ರೋಮನ್ ಅಪ್ಪಟ ಭಾರತೀಯ ಅಣು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯ ಪ್ರಯೋಗಾಲಯದಲ್ಲಿ ಹುಟ್ಟಿದ್ದು. ಪ್ರಾಣಿಗಳ ಮೇಲೆ, ಆಮೇಲೆ ಮನುಷ್ಯರ ಮೇಲೆ ಪರೀಕ್ಷೆ ನಡೆದು, ಒಪ್ಪಿಗೆ ಸಿಕ್ಕಿ 1991ರಲ್ಲಿ ಮಾರುಕಟ್ಟೆಗೆ ಬರುವಷ್ಟರಲ್ಲಿ ಸುಮಾರು ಎರಡು ದಶಕ ಕಳೆದಿದ್ದವು. ಹೊಸ ಅಣುವೊಂದು ಹೆಣ್ಣುಮಗಳ ಹೊಟ್ಟೆಗೆ ಹೋಗುವ ಮೊದಲು ಇಷ್ಟು ಪ್ರಶ್ನೆ ಕೇಳುವುದು ನಮಗೆ ಗೊತ್ತಿದೆ.

ರಬ್ಬರ್ ಹಾಲು ಗಟ್ಟಿಯಾಗದಂತೆ ಅಮೋನಿಯಾ ಹಾಕುತ್ತಾರೆ. ಅದನ್ನು ಹಿಗ್ಗುವ, ಹರಿಯದ ಪೊರೆಯಾಗಿಸಲು ಗಂಧಕ, ಸತುವಿನ ಆಕ್ಸೈಡ್ ಮತ್ತು ಡೈಥಯೊಕಾರ್ಬಮೇಟ್‌ನಂಥ ವೇಗವರ್ಧಕಗಳನ್ನು ಸೇರಿಸುವುದು ರಬ್ಬರ್ ಉದ್ಯಮದ ಸಾಮಾನ್ಯ ಪದ್ಧತಿ. ಟೈರು, ಚಪ್ಪಲಿ, ಬಲೂನು, ಕೈಗವಸು ಎಲ್ಲಕ್ಕೂ ಇಂಥವೇ ಬೇಕು. ನಾಳೆ ಯಾರೋ ಇವಕ್ಕಿಂತ ಅಗ್ಗದ ಹೊಸ ವೇಗವರ್ಧಕ ಕಂಡುಹಿಡಿದು ಚಪ್ಪಲಿ ಕಾರ್ಖಾನೆಗೆ ಮಾರಿದರು ಎಂದುಕೊಳ್ಳಿ. ಔಷಧ ಇಲಾಖೆಗೆ ಅದು ಸಂಬಂಧವಿಲ್ಲ, ಕೀಟನಾಶಕ ಮಂಡಳಿಗೆ ಸಂಬಂಧವಿಲ್ಲ. ನುಂಗುವ ಅಣುವಿಗೆ ನೋಂದಣಿ ಉಂಟು, ಬೆಳೆಗೆ ಸಿಂಪಡಿಸುವ ಅಣುವಿಗೆ ಉಂಟು. ಕೈಯಿಂದ ಮುಟ್ಟುವ, ಮೂಗಿನಿಂದ ಎಳೆದುಕೊಳ್ಳುವ, ಹಳ್ಳಕ್ಕೆ ಹರಿದುಹೋಗುವ ಸಾವಿರಾರು ಅಣುಗಳಿಗೆ ಇಲ್ಲ.

ಗಾಣದ ಹೈಡ್ರೋಸ್

ಪಟ್ಟಿಯಲ್ಲಿ ಹೆಸರಷ್ಟೇ ಇದ್ದರೆ ಸಾಲದು, ಬಳಕೆಯೂ ಇರಬೇಕು. ಏಕೆಂದು ತಿಳಿಯಲು ಮತ್ತೆ ಬೆಲ್ಲದ ಗಾಣಕ್ಕೆ ಹೋಗೋಣ. ಹೈಡ್ರೋಸ್ ಮೂಲತಃ ಬಟ್ಟೆಗೆ ಬಣ್ಣ ಹಾಕುವಲ್ಲಿ, ಕಾಗದದ ತಿರುಳು ಬಿಳುಪು ಮಾಡುವಲ್ಲಿ ಬಳಸುವ ಪುಡಿ. ಕೊಪ್ಪರಿಗೆಗೆ ಒಂದಿಷ್ಟು ಹಾಕಿದರೆ ಕಂದು ಬೆಲ್ಲ ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಮಾರುಕಟ್ಟೆಯಲ್ಲಿ ಹಳದಿ ಬೆಲ್ಲಕ್ಕೇ ರೇಟು. ಹಿಂದಿನವರು ಬೆಂಡೆ ಗಿಡದ ಲೋಳೆ, ಸುಣ್ಣ ಹಾಕಿ ಕಸ ತೆಗೆಯುತ್ತಿದ್ದರು. ಬಣ್ಣಕ್ಕೆ ಇಷ್ಟು ಬೆಲೆ ಬಂದ ಮೇಲೆ ಪುಡಿ ಬಂತು. ಪುಡಿ ಹೆಚ್ಚಾದರೆ ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಉಳಿಯುತ್ತದೆ. ಅದಕ್ಕೆ ಆಹಾರ ಕಾನೂನಿನಲ್ಲಿ ಮಿತಿಯಿದೆ, ಅಧಿಕಾರಿಗಳು ಆಗಾಗ ಬೆಲ್ಲದ ಮಾದರಿ ಒಯ್ಯುತ್ತಾರೆ, ಬೈಯುವುದು ಗಾಣದವರನ್ನು.

ಆದರೆ ಬಟ್ಟೆಗೆಂದು ತಯಾರಾದ ಪುಡಿ ಯಾವ ದಾರಿಯಲ್ಲಿ ಗಾಣಕ್ಕೆ ಬಂತು? ತಯಾರಕರು ಯಾವ ಬಳಕೆಗೆ ಎಷ್ಟು ಮಾರಿದರು ಎಂದು ವರ್ಷವರ್ಷ ಬರೆದುಕೊಡುವ ವ್ಯವಸ್ಥೆಯಿದ್ದರೆ, ನೂಲಿನ ಗಿರಣಿಯೇ ಇಲ್ಲದ ತಾಲ್ಲೂಕಿಗೆ ಇಷ್ಟೊಂದು ಪುಡಿ ಏಕೆ ಹೋಗುತ್ತಿದೆ ಎಂದು ಮೇಲೆ ಕುಳಿತವರೇ ಕೇಳಬಹುದಿತ್ತು. ಈಗ ಆ ಪ್ರಶ್ನೆ ಕೊನೆಯ ಕೊಪ್ಪರಿಗೆಯ ಮುಂದೆ ನಿಂತವನಿಗೆ ಮಾತ್ರ ಬರುತ್ತದೆ.

ಕಾಸರಗೋಡು ಮರೆಯಬಾರದು

ನೋಂದಣಿ ಒಂದಿದ್ದರೆ ಎಲ್ಲ ಸರಿಹೋಗುತ್ತದೆಯೇ? ಇಲ್ಲ ಎಂಬುದಕ್ಕೆ ಕನ್ನಡಿಗರ ಕಣ್ಣೆದುರೇ ಸಾಕ್ಷಿಯಿದೆ. ಎಂಡೋಸಲ್ಫಾನ್ ನೋಂದಣಿಯಾಗಿದ್ದ ಕೀಟನಾಶಕ. 1968ರ ಕೀಟನಾಶಕ ಕಾಯ್ದೆಯಡಿ ಕೇಂದ್ರದ ನೋಂದಣಿ ಸಮಿತಿಯ ಒಪ್ಪಿಗೆ ಅದಕ್ಕಿತ್ತು. 1970ರ ದಶಕದ ಕೊನೆಯಿಂದ 2000ದವರೆಗೆ ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅದನ್ನು ಸುರಿದರು. ಗುಡ್ಡದ ಮೇಲೆ ತೋಟ, ಕೆಳಗೆ ಮನೆ, ಬಾವಿ, ತೋಡು. ಎಣ್ಮಕಜೆ, ಪಡ್ರೆ, ಬೆಳ್ಳೂರು, ಕುಂಬ್ಡಾಜೆ; ಕನ್ನಡ ಮಾತಾಡುವ ಊರುಗಳೇ ಹಲವು. ಗಡಿಯ ಈಚೆ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ ಕಡೆಯ ಗೇರು ತೋಟಗಳಲ್ಲೂ ಇದೇ ಕಥೆ.

ಕರುಗಳು ಅಂಗವಿಕಲವಾಗಿ ಹುಟ್ಟುತ್ತಿರುವುದನ್ನು ಪತ್ರಕರ್ತ ಶ್ರೀಪಡ್ರೆ ಬಹಳ ಮೊದಲೇ ಬರೆದರು. ಪಡ್ರೆಯ ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಕ್ಯಾನ್ಸರ್, ನರದೌರ್ಬಲ್ಯ, ಬುದ್ಧಿಮಾಂದ್ಯ ಅಸಹಜವಾಗಿ ಹೆಚ್ಚಿರುವುದನ್ನು ಗಮನಿಸಿ ದಾಖಲಿಸಿದರು. ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನ್ ನಿಲ್ಲಿಸಿದ್ದು 2011ರ ಮೇ 13ರಂದು. ಅದೇ ವರ್ಷ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದ ಅದನ್ನು ಜಾಗತಿಕ ನಿಷೇಧದ ಪಟ್ಟಿಗೆ ಸೇರಿಸಿತ್ತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರ್ಕಾರಕ್ಕೆ ಕೋರ್ಟ್ ಹೇಳಿದ್ದು 2017ರಲ್ಲಿ.

ಹಳ್ಳಿಯ ಡಾಕ್ಟರ ನೋಟ್‌ಬುಕ್ಕಿನಿಂದ ದೆಹಲಿಯ ನೋಂದಣಿ ಪುಸ್ತಕದವರೆಗೆ ದಾರಿಯೇ ಇರಲಿಲ್ಲ. ಒಮ್ಮೆ ಬರೆದ ಹೆಸರಿನ ಎದುರು ‘ಮರುಪರಿಶೀಲಿಸಿ’ ಎಂದು ಬರೆಯಲು ಒಂದು ತಲೆಮಾರು ಹಿಡಿಯಿತು. ಹಾಗಾಗಿ ನಾಳೆ ಬರುವ ರಾಷ್ಟ್ರೀಯ ಪಟ್ಟಿಗೆ ಎರಡು ಬಾಗಿಲು ಬೇಕು. ಮೇಲಿನಿಂದ ಕಂಪನಿಯ ಮಾಹಿತಿ ಬರಲಿಕ್ಕೆ ಒಂದು, ಕೆಳಗಿನಿಂದ ಆಸ್ಪತ್ರೆ, ಪಂಚಾಯಿತಿ, ಕಾರ್ಮಿಕರ ದೂರು ಬರಲಿಕ್ಕೆ ಇನ್ನೊಂದು.

ಖರ್ಚು ಯಾರು ಹೊರಬೇಕು?

ಕರಡಿನ ವಿರುದ್ಧ ಇರುವ ವಾದವನ್ನೂ ಕೇಳಬೇಕು. ಬೆಳಗಾವಿಯ ಉದ್ಯಮಬಾಗ್‌ನ ಸಣ್ಣ ಫೌಂಡ್ರಿಯವರನ್ನೇ ತೆಗೆದುಕೊಳ್ಳಿ. ಮರಳಿನ ಅಚ್ಚು ಗಟ್ಟಿ ನಿಲ್ಲಲು ಅವರು ರಾಳ ಕೊಳ್ಳುತ್ತಾರೆ. ಜಿಎಸ್‌ಟಿ, ವಿದ್ಯುತ್ ಬಿಲ್ಲು, ಕಬ್ಬಿಣದ ದರ ಎಲ್ಲದರ ನಡುವೆ ಇನ್ನೊಂದು ನೋಂದಣಿ ಎಂದರೆ ಯಾರಿಗೂ ತಲೆಬಿಸಿ. ಪೂರ್ಣ ಪರೀಕ್ಷಾ ಮಾಹಿತಿ ಸಿದ್ಧಪಡಿಸಲು ಒಂದೊಂದು ವಸ್ತುವಿಗೆ ಲಕ್ಷಗಟ್ಟಲೆ ಖರ್ಚಾಗುತ್ತದೆ, ಎಷ್ಟೋ ಪರೀಕ್ಷೆಗೆ ಪ್ರಾಣಿಗಳೂ ಬೇಕಾಗುತ್ತವೆ. ಭಯ ಸುಳ್ಳಲ್ಲ.

ಆದರೆ ಇಲ್ಲಿ ಎರಡು ಬೇರೆ ಕೆಲಸಗಳನ್ನು ಬಿಡಿಸಿ ನೋಡಬೇಕು. ಪೂರ್ಣ ನೋಂದಣಿ ದುಬಾರಿ. ಪಟ್ಟಿ ಮಾಡುವುದು ಅಷ್ಟು ದುಬಾರಿಯಲ್ಲ. ಹೆಸರು, ಸಿಎಎಸ್ ಸಂಖ್ಯೆ, ವರ್ಷದ ಪ್ರಮಾಣ, ಬಳಕೆ. ಈ ನಾಲ್ಕು ಕಾಲಂ ತುಂಬಲು ಪ್ರಯೋಗಾಲಯ ಬೇಡ, ತಯಾರಕ ಅಥವಾ ಆಮದುದಾರನ ಸ್ಟಾಕ್ ಪುಸ್ತಕ ಸಾಕು. ರಾಳ ಕೊಳ್ಳುವ ಫೌಂಡ್ರಿಗೆ ಇದರ ಹೊರೆಯೇ ಬೀಳುವುದಿಲ್ಲ, ಬದಲಿಗೆ ತಾನು ಕೊಂಡದ್ದು ಏನೆಂದು ತಿಳಿಯುತ್ತದೆ. ಪೂರ್ಣ ನೋಂದಣಿಗೂ ಯೂರೋಪ್ ಒಂದು ದಾರಿ ತೋರಿಸಿದೆ: ಒಂದೇ ವಸ್ತು ತಯಾರಿಸುವವರೆಲ್ಲ ಸೇರಿ ಒಂದೇ ದಾಖಲೆ ಸಲ್ಲಿಸುತ್ತಾರೆ, ಪರೀಕ್ಷೆಯ ಖರ್ಚು ಹಂಚಿಕೊಳ್ಳುತ್ತಾರೆ, ಸಣ್ಣ ಉದ್ಯಮಗಳಿಗೆ ಶುಲ್ಕದಲ್ಲಿ ರಿಯಾಯಿತಿ ಇದೆ. ಅಲ್ಲಿ ಈಗಾಗಲೇ ಮಾಡಿದ ಪರೀಕ್ಷೆಗಳ ಫಲಿತಾಂಶ ಬಳಸಿಕೊಂಡರೆ ಪ್ರಾಣಿಗಳೂ ಉಳಿಯುತ್ತವೆ, ದುಡ್ಡೂ ಉಳಿಯುತ್ತದೆ.

ಆದ್ದರಿಂದ ನನ್ನ ಒತ್ತಾಯ ಇಷ್ಟೇ: ಇಡೀ ಕರಡು ಒಪ್ಪಿಗೆಯಾಗುವವರೆಗೆ ಕಾಯುವುದಾದರೆ ಕಾಯಿರಿ, ಪಟ್ಟಿಯ ಕೆಲಸವನ್ನಾದರೂ ಈಗಲೇ ಶುರುಮಾಡಿ. ಪಟ್ಟಿ ಇಲ್ಲದ ಪ್ರತಿ ವರ್ಷವೂ ಬಂದಿಳಿಯುವ ಹೊಸ ವಸ್ತುಗಳೆಲ್ಲ ನಾಳೆ ‘ಹಳೆಯವು’ ಎಂದು ತಾವಾಗಿಯೇ ಒಳಸೇರುತ್ತವೆ. ಅಮೆರಿಕದ 62 ಸಾವಿರ ಹಾಗೆಯೇ ಒಳಸೇರಿದ್ದು, ಅವುಗಳನ್ನು ಒಂದೊಂದಾಗಿ ಪರೀಕ್ಷಿಸುವ ಕೆಲಸ ಅಲ್ಲಿ ಇಂದಿಗೂ ಮುಗಿದಿಲ್ಲ. ತಡವಾಗಿ ಬಂದ ನಮಗೆ ಅವರ ತಪ್ಪಿನಿಂದ ಕಲಿಯುವ ಅವಕಾಶವಾದರೂ ಇದೆ.

ನಿಯಮ ಬರುವವರೆಗೆ ನಾವು ಓದುವ ಹುಡುಗ-ಹುಡುಗಿಯರು ಕೈಕಟ್ಟಿ ಕೂರಬೇಕಿಲ್ಲ. ನಮ್ಮಲ್ಲಿ ಎಷ್ಟೋ ಜನ ಇನ್ನೆರಡು ವರ್ಷಕ್ಕೆ ಯಾವುದಾದರೂ ಕಾರ್ಖಾನೆಯ ಖರೀದಿ ವಿಭಾಗದಲ್ಲೋ ಉತ್ಪಾದನಾ ವಿಭಾಗದಲ್ಲೋ ಕುಳಿತಿರುತ್ತೇವೆ. ರಾಸಾಯನಿಕ ಪೂರೈಸುವವರ ಬಳಿ ‘ಸೇಫ್ಟಿ ಡೇಟಾ ಶೀಟ್’ ಕೇಳುವುದು ನಮ್ಮ ಕೆಲಸದ ಭಾಗವಾಗಲಿ. ಅದು ಕೊಡದವರ ಸರಕು ಬೇಡ ಎನ್ನುವಷ್ಟು ಗಟ್ಟಿತನ ಇರಲಿ. ಮನೆಯಲ್ಲಿ, ವರ್ಕ್‌ಶಾಪಿನಲ್ಲಿ, ಹೊಲದಲ್ಲಿ ಬಳಸುವ ಡಬ್ಬಿ, ಪುಡಿಗಳ ಹೆಸರನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದರೂ ಅದೊಂದು ಸಣ್ಣ ಪಟ್ಟಿಯೇ. ನಮ್ಮ ಕಾಕಾ ಈಗ ಹೊಸ ಡಬ್ಬಿ ಬಂದ ಕೂಡಲೇ ಅದರ ಫೋಟೊ ತೆಗೆದು ನನಗೆ ಕಳಿಸುತ್ತಾರೆ. ಕೆಳಗೊಂದು ಸಾಲು: “ಇದರಾಗ ಏನೈತಿ, ನೋಡಿ ಹೇಳು.” ಹುಡುಕಿ ಹೇಳುತ್ತೇನೆ. ಮೂರಕ್ಕೆ ಎರಡು ಸಲ, ಡಬ್ಬಿಯ ಮೇಲೆ ಹೇಳಲು ಸಾಕಾಗುವಷ್ಟು ಏನೂ ಬರೆದಿರುವುದಿಲ್ಲ.